ವಿದೇಶದ ಶಾಲೆ, ಚಿಕ್ಕ ಮಕ್ಕಳ ತರಗತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ವಿದೇಶದ ಶಾಲೆಗಳಲ್ಲಿ ಶಿಶುವಿಹಾರ ಮತ್ತು ಒಂದನೆಯ ತರಗತಿಯ ಮಕ್ಕಳಿಗೆ ಕಲಿಸುವ ಕೆಲಸದ ಬಗ್ಗೆ ಪ್ರಶ್ನೆ ಕಳಿಸಿರೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ನಾನು ಕೆಲಸ ಮಾಡಿದ್ದು ಯು.ಎ.ಇ. ದೇಶದ ದುಬೈ ಮತ್ತು ಇಂಗ್ಲೆಂಡಿನ ಚಿಕ್ಕ ಮಕ್ಕಳ ತರಗತಿಗಳಲ್ಲಿ. ಈಗ ಇರುವುದು ಬೆಳಗಾವಿಯಲ್ಲಿ. ಆದ್ದರಿಂದ ಉತ್ತರಗಳೂ ಬಹುಮಟ್ಟಿಗೆ ಆ ಎರಡು ದೇಶಗಳಿಗೇ ಸೇರಿದವು.

ಪ್ರಶ್ನೆ: ಪದವಿ ಮತ್ತು ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ತರಬೇತಿ) ಮುಗಿಸಿ ಇಲ್ಲಿಯ ಅನುದಾನರಹಿತ ಶಾಲೆಯೊಂದರಲ್ಲಿ ಏಳು ವರ್ಷಗಳಿಂದ ಒಂದನೆಯ ಮತ್ತು ಎರಡನೆಯ ತರಗತಿಗಳಿಗೆ ಕಲಿಸುತ್ತಿದ್ದೇನೆ. ದುಬೈನಲ್ಲಿ ಭಾರತೀಯ ಪಠ್ಯಕ್ರಮ ನಡೆಸುವ ಶಾಲೆಯೊಂದು ಕೆ.ಜಿ. ತರಗತಿಗೆ ಕರೆದಿದೆ. ಅಲ್ಲಿ ಶಿಕ್ಷಕಿಯ ದಿನ ಹೇಗಿರುತ್ತದೆ? ಇಲ್ಲಿಗಿಂತ ಕೆಲಸ ಹಗುರವೇ?
— ಶಿಕ್ಷಕಿ, ಬೈಲಹೊಂಗಲ

ಉತ್ತರ: ಹಗುರವೆಂದು ತಿಳಿದು ಹೋಗಬೇಡಿ. ಇಲ್ಲಿ ನಿಮಗಾಗುವ ದಣಿವು ಹೆಚ್ಚಾಗಿ ಗಂಟಲಿನದು; ಅಲ್ಲಿ ದಣಿಯುವುದು ಕಾಲು, ಮತ್ತು ಸಂಜೆಯ ಹೊತ್ತಿಗೆ ಬರೆದು ಬರೆದು ಕೈ. ಶಾಲೆಗಳು ಬೆಳಿಗ್ಗೆ ಬೇಗ ಆರಂಭವಾಗುವುದರಿಂದ ಶಿಕ್ಷಕಿಯರನ್ನು ಕರೆದೊಯ್ಯುವ ಬಸ್ಸು ಹಲವು ಕಡೆ ಬೆಳಕು ಹರಿಯುವ ಮೊದಲೇ ಬರುತ್ತದೆ, ಹಾಗಾಗಿ ಬುತ್ತಿಯ ಪಲ್ಯವನ್ನು ಹಿಂದಿನ ರಾತ್ರಿಯೇ ಮಾಡಿಡುವುದು ರೂಢಿಯಾಗುತ್ತದೆ. ಮಕ್ಕಳು ಬರುವ ವೇಳೆಗೆ ನೀವು ತರಗತಿಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರಿನಿಂದ ಕರೆದು ಒಳಗೆ ಬರಮಾಡಿಕೊಳ್ಳಬೇಕು. ಚೀಲ, ನೀರಿನ ಬಾಟಲಿ, ತಿಂಡಿಯ ಡಬ್ಬಿಗಳನ್ನು ಅವರವರ ಗೂಡಿನಲ್ಲಿ ಅವರಿಂದಲೇ ಇಡಿಸಬೇಕು. ಈ ಮೊದಲ ಅರ್ಧ ಗಂಟೆಯನ್ನು ಅನೇಕ ಹೊಸಬರು ಗದ್ದಲದ ಹೊತ್ತೆಂದು ತಳ್ಳಿಹಾಕುತ್ತಾರೆ. ಯಾವ ಮಗು ನಿದ್ದೆಗೆಟ್ಟು ಬಂದಿದೆ, ಯಾವುದು ಅಮ್ಮನನ್ನು ಬಿಟ್ಟು ಬಂದ ಸಿಟ್ಟಿನಲ್ಲಿದೆ, ಯಾವುದರ ಮೈ ಬಿಸಿಯಾಗಿದೆ ಎಂಬುದು ತಿಳಿಯುವುದು ಆಗಲೇ, ಮತ್ತು ಅದನ್ನು ಗಮನಿಸಿಕೊಂಡವರಿಗೆ ಮುಂದಿನ ಜಗಳಗಳಲ್ಲಿ ಅರ್ಧದಷ್ಟು ತಪ್ಪುತ್ತವೆ.

ಆಮೇಲೆ ಯು.ಎ.ಇ.ಯ ರಾಷ್ಟ್ರಗೀತೆ, ದುಂಡಗೆ ಕುಳಿತು ಮಾತುಕತೆ ಮತ್ತು ಹಾಡು, ಅಕ್ಷರ ಅಥವಾ ಅಂಕಿಯ ಒಂದು ಚಿಕ್ಕ ಪಾಠ, ತಿಂಡಿ, ಆಟ, ಬಣ್ಣದ ಕೆಲಸ, ಅರಬ್ಬಿ ಶಿಕ್ಷಕಿಯ ಅವಧಿ ಹೀಗೆ ದಿನ ಸಾಗುತ್ತದೆ. ತಿಂಡಿಯ ಹೊತ್ತನ್ನು ಬಿಡುವೆಂದು ಎಣಿಸಬೇಡಿ. ಮನೆಯಲ್ಲಿ ಅಜ್ಜಿಯ ಇಲ್ಲವೇ ಕೆಲಸದವರ ಕೈತುತ್ತು ತಿಂದು ಬೆಳೆದ ನಾಲ್ಕು ವರ್ಷದ ಮಗು ಡಬ್ಬಿಯ ಮುಚ್ಚಳ ತೆಗೆದು, ತಾನೇ ತಿಂದು, ಚೆಲ್ಲಿದ್ದನ್ನು ಒರೆಸಿ, ಕೈ ತೊಳೆದು ಬರುವುದನ್ನು ಕಲಿಯಲು ವಾರಗಳು ಬೇಕು, ಮತ್ತು ಅದನ್ನು ಕಲಿಸುವುದು ನಿಮ್ಮ ಪಾಠದ ಭಾಗವೇ. ತರಗತಿಗೆ ಒಬ್ಬ ಸಹಾಯಕಿ ಇರುವುದು ಸಾಮಾನ್ಯ. ಬಹಳ ಸಲ ಆಕೆ ನಿಮಗಿಂತ ಮೊದಲಿನಿಂದ ಆ ಶಾಲೆಯಲ್ಲಿದ್ದು ಮಕ್ಕಳ ಅಣ್ಣ-ಅಕ್ಕಂದಿರನ್ನೂ ಬಲ್ಲವಳಾಗಿರುತ್ತಾಳೆ. ಆಕೆಯನ್ನು ನಮ್ಮ ಕಡೆಯ ಆಯಾಗಳಂತೆ ಬರೀ ಒರೆಸುವ, ತೊಳೆಯುವ ಕೆಲಸಕ್ಕೆ ಹಚ್ಚುವ ಶಿಕ್ಷಕಿಯರನ್ನು ನೋಡಿದ್ದೇನೆ. ಅಂಥವರ ತರಗತಿ ಬೇಗ ಹಳಿ ತಪ್ಪುತ್ತದೆ.

ವಾರ್ಷಿಕ ವೇಳಾಪಟ್ಟಿಯಲ್ಲಿ ಒಂದು ತೊಡಕಿದೆ, ಅದನ್ನು ಸಂದರ್ಶನದಲ್ಲಿ ಯಾರೂ ಹೇಳುವುದಿಲ್ಲ. ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ, ಆದರೆ ಬಿಸಿಲಿನ ದೀರ್ಘ ರಜೆ ಬರುವುದು ಜುಲೈ ಮತ್ತು ಆಗಸ್ಟ್‌ನಲ್ಲಿ. ಏಪ್ರಿಲ್‌ನಲ್ಲಿ ಅಳುತ್ತ ಬಂದ ಮಗು ಜೂನ್ ಹೊತ್ತಿಗೆ ನಿಮ್ಮನ್ನು ನೋಡಿ ನಗಲು ಕಲಿತಿರುತ್ತದೆ. ಅಷ್ಟರಲ್ಲಿ ಊರಿಗೆ ಹೋಗಿ ಅಜ್ಜ-ಅಜ್ಜಿಯರ ಮುದ್ದಿನಲ್ಲಿ ಶಾಲೆಯನ್ನು ಮರೆತು ಬರುತ್ತದೆ. ಹೀಗಾಗಿ ಮಕ್ಕಳನ್ನು ಶಾಲೆಗೆ ಒಗ್ಗಿಸುವ ಕೆಲಸ ವರ್ಷಕ್ಕೆ ಎರಡು ಸಲ ಎಂದೇ ಲೆಕ್ಕ ಹಾಕಿಕೊಳ್ಳಿ. 2022ರ ಜನವರಿಯಿಂದ ಅಲ್ಲಿ ವಾರದ ರಜೆ ಶನಿವಾರ ಮತ್ತು ಭಾನುವಾರ, ಶುಕ್ರವಾರ ಅರ್ಧ ದಿನ. ರಂಜಾನ್ ತಿಂಗಳಲ್ಲಿ ಶಾಲೆಯ ಅವಧಿ ಕಡಿಮೆಯಾಗುತ್ತದೆ. ಉಪವಾಸವಿರುವ ಸಹೋದ್ಯೋಗಿಗಳ ಎದುರು ತಿನ್ನದಿರುವ ಮರ್ಯಾದೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೆ ಚಿಕ್ಕ ಮಕ್ಕಳಿಗೆ ತಿಂಡಿ ಕೊಡಲೇಬೇಕು, ಕೊಡುತ್ತಾರೆ.

ಇನ್ನು ಬರಹದ ಕೆಲಸ. ದುಬೈನ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆ.ಎಚ್.ಡಿ.ಎ. ಎಂಬ ಸರ್ಕಾರಿ ಪ್ರಾಧಿಕಾರದ್ದು. ಅದು ಶಾಲೆಗಳನ್ನು ಪರಿಶೀಲಿಸಿ ದರ್ಜೆ ನೀಡುತ್ತ ಬಂದಿರುವುದರಿಂದ ಪಾಠಯೋಜನೆ, ಪ್ರತಿ ಮಗುವಿನ ಕಡತ, ಗೋಡೆಯ ಮೇಲಿನ ಪ್ರದರ್ಶನ, ಪಾಲಕರಿಗೆ ಆ್ಯಪ್‌ನಲ್ಲಿ ಕಳಿಸುವ ಸಂದೇಶ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಮಕ್ಕಳು ಮನೆಗೆ ಹೋದ ಮೇಲೆ ಉಳಿಯುವ ಎರಡು ತಾಸು ಇದಕ್ಕೇ ಹೋಗುತ್ತದೆ. ಪದವಿಯ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ, ವಿದೇಶಾಂಗ ಸಚಿವಾಲಯದ ಮತ್ತು ಯು.ಎ.ಇ. ರಾಯಭಾರ ಕಚೇರಿಯ ದೃಢೀಕರಣ ಬೇಕಾಗುವುದರಿಂದ ಆ ಕೆಲಸವನ್ನು ಇಂದೇ ಆರಂಭಿಸಿ.

ಪ್ರಶ್ನೆ: ಅಳಿಯನ ನೌಕರಿಯ ನಿಮಿತ್ತ ಇಂಗ್ಲೆಂಡಿಗೆ ಹೋಗಿರುವ ನನ್ನ ಮಗಳು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ರಿಸೆಪ್ಷನ್ ಎಂಬ, ಒಂದನೆಯ ತರಗತಿಗೆ ಮೊದಲಿನ ತರಗತಿಯ ಸಹಾಯಕಿಯಾಗಿದ್ದಾಳೆ. ಮಕ್ಕಳು ದಿನವೆಲ್ಲ ನೀರು, ಮರಳು, ಕೆಸರಿನಲ್ಲಿ ಆಡುತ್ತಾರಂತೆ; ಇವಳು ಪಕ್ಕದಲ್ಲಿ ಕುಳಿತು ನೋಡಿ ಬರೆದುಕೊಳ್ಳುತ್ತಾಳಂತೆ. ಇದು ಪಾಠ ಹೇಗಾದೀತು? ಇಂಥ ಅನುಭವದಿಂದ ಅವಳಿಗೆ ಮುಂದೆ ಏನು ಉಪಯೋಗ?
— ನಿವೃತ್ತ ಮುಖ್ಯೋಪಾಧ್ಯಾಯರು, ಇಳಕಲ್

ಉತ್ತರ: ಗುರುಗಳೇ, ನಿಮ್ಮ ಸಂಶಯ ಸಹಜವಾದದ್ದು. ಆದರೆ ನೀವು ಸೇವೆಯಲ್ಲಿದ್ದಾಗಲೇ ನಲಿ-ಕಲಿಯನ್ನು ಕಂಡಿರುತ್ತೀರಿ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ಆ ಪದ್ಧತಿಯಲ್ಲಿ ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿ, ಮಕ್ಕಳ ಗುಂಪುಗಳನ್ನು ಗುರುತಿಸುವ ಗುಂಪು ತಟ್ಟೆ, ಹವಾಮಾನ ನಕ್ಷೆ ಎಲ್ಲವೂ ಇದ್ದವು. ಶಿಕ್ಷಕರು ಹಲಗೆಯ ಮುಂದಿನಿಂದ ಎದ್ದು ಬಂದು ಮಕ್ಕಳ ನಡುವೆ ನೆಲದ ಮೇಲೆ ಕುಳಿತರು. ಇಂಗ್ಲೆಂಡಿನ ರಿಸೆಪ್ಷನ್ ತರಗತಿ ಅದೇ ದಾರಿಯಲ್ಲಿ ಇನ್ನೂ ಕೆಲವು ಹೆಜ್ಜೆ ಮುಂದೆ ಹೋಗಿದೆ. ನಲಿ-ಕಲಿಯಲ್ಲಿ ಮಗು ಯಾವ ಮೆಟ್ಟಿಲಲ್ಲಿದೆ, ಯಾವ ಕಾರ್ಡು ತೆಗೆದುಕೊಳ್ಳಬೇಕು ಎಂಬುದನ್ನು ಏಣಿ ಹೇಳುತ್ತದೆ. ಅಲ್ಲಿ ದಿನದ ದೊಡ್ಡ ಭಾಗದಲ್ಲಿ ಎಲ್ಲಿ ಆಡಬೇಕೆಂಬುದನ್ನು ಮಗುವೇ ಆರಿಸಿಕೊಳ್ಳುತ್ತದೆ, ಮತ್ತು ಆ ಆಟದೊಳಗೆ ಪಾಠವನ್ನು ಕಂಡುಕೊಳ್ಳುವ ಹೊಣೆ ದೊಡ್ಡವರದು.

ಆ ತರಗತಿಗೆ ನಾಲ್ಕು ವರ್ಷ ತುಂಬಿದ ಮಕ್ಕಳು ಸೆಪ್ಟೆಂಬರ್‌ನಲ್ಲಿ ಸೇರುತ್ತಾರೆ. ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ಕಲಿಕೆಗಾಗಿ ಇಂಗ್ಲೆಂಡ್ 2008ರಿಂದ ಒಂದು ಶಾಸನಬದ್ಧ ಚೌಕಟ್ಟನ್ನು ಜಾರಿಯಲ್ಲಿಟ್ಟಿದೆ, ಮತ್ತು ರಿಸೆಪ್ಷನ್ ವರ್ಷದ ಕೊನೆಗೆ ಪ್ರತಿ ಮಗುವನ್ನೂ ಮಾತು, ಸ್ನೇಹ, ಕೈಬೆರಳಿನ ಹಿಡಿತ, ಓದು, ಸಂಖ್ಯೆ ಮೊದಲಾದ 17 ಗುರಿಗಳ ಪ್ರಕಾರ ಅಳೆಯುತ್ತಾರೆ. ಪರೀಕ್ಷೆ ಬರೆಸಿ ಅಳೆಯುವುದಿಲ್ಲ. ವರ್ಷವಿಡೀ ನೋಡಿದ್ದರ ಆಧಾರದ ಮೇಲೆ ಶಿಕ್ಷಕರು ತೀರ್ಮಾನಿಸುತ್ತಾರೆ. ನಿಮ್ಮ ಮಗಳು ಬರೆದುಕೊಳ್ಳುತ್ತಿರುವುದು ಇದಕ್ಕಾಗಿ. ನೀರಿನ ತೊಟ್ಟಿಯ ಬಳಿ ಒಂದು ಮಗು ದೊಡ್ಡ ಹೂಜಿಯಿಂದ ಮೂರು ಸಣ್ಣ ಲೋಟಗಳಿಗೆ ನೀರು ಸುರಿಯುತ್ತಿದೆ ಎನ್ನೋಣ. ಮೂರನೆಯದಕ್ಕೆ ನೀರು ಸಾಲದಾದಾಗ ಅದು ಏನು ಮಾಡುತ್ತದೆ? ಸುಮ್ಮನೆ ಬಿಟ್ಟು ಹೋಗುತ್ತದೆಯೋ, ಮೊದಲಿನ ಲೋಟದಿಂದ ಸ್ವಲ್ಪ ಹಿಂದಕ್ಕೆ ಸುರಿದು ಸರಿದೂಗಿಸುತ್ತದೆಯೋ, ಪಕ್ಕದ ಹುಡುಗನನ್ನು ಕೇಳುತ್ತದೆಯೋ? ಸರಿದೂಗಿಸಿದರೆ ಅದು ಗಣಿತ, ಕೇಳಿದರೆ ಭಾಷೆ. ಆ ಕ್ಷಣಕ್ಕೆ ಸಹಾಯಕಿ ಬಾಯಿ ಹಾಕದೆ ಕಾದು, ಆಮೇಲೆ ‘ಈಗ ಯಾವುದರಲ್ಲಿ ಹೆಚ್ಚಿದೆ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿದರೆ, ಅವಳು ಒಂದು ಪಾಠ ಮಾಡಿದ ಹಾಗೆಯೇ.

ದಿನವೆಲ್ಲ ಆಟ ಎಂಬುದೂ ಪೂರ್ತಿ ನಿಜವಲ್ಲ. ಪ್ರತಿದಿನ ಇಡೀ ತರಗತಿಯನ್ನು ಜಮಖಾನೆಯ ಮೇಲೆ ಕೂರಿಸಿ ಇಂಗ್ಲಿಷ್ ಅಕ್ಷರಗಳ ಧ್ವನಿಗಳನ್ನು ಕ್ರಮಬದ್ಧವಾಗಿ ಕಲಿಸುತ್ತಾರೆ, ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ಮರುವರ್ಷ, ಒಂದನೆಯ ತರಗತಿಯ ಕೊನೆಗೆ, ಪ್ರತಿ ಮಗುವಿನಿಂದಲೂ 40 ಪದಗಳನ್ನು ಓದಿಸಿ ನೋಡುವ ಸರ್ಕಾರಿ ತಪಾಸಣೆ 2012ರಿಂದ ಇದೆ. ಅವುಗಳಲ್ಲಿ 20 ಪದಗಳು ಅರ್ಥವೇ ಇಲ್ಲದ ಕಟ್ಟುಪದಗಳು. ಮಗು ಪದವನ್ನು ನೆನಪಿನಿಂದ ಹೇಳುತ್ತಿದೆಯೋ, ಧ್ವನಿ ಕೂಡಿಸಿ ಓದುತ್ತಿದೆಯೋ ಎಂದು ತಿಳಿಯಲು ಈ ಉಪಾಯ. ನನ್ನ ಅಭಿಪ್ರಾಯ ಕೇಳಿದರೆ, ಇಂಗ್ಲೆಂಡಿನವರು ಓದಿನ ವಿಷಯದಲ್ಲಿ ಆಟಕ್ಕಿಂತ ಅವಸರವನ್ನೇ ಹೆಚ್ಚು ಮಾಡುತ್ತಾರೆ. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೆಯ ತರಗತಿಗೆ ಸೇರುವುದೇ ಏಳನೆಯ ವಯಸ್ಸಿನಲ್ಲಿ.

ನಿಮ್ಮ ಟೀಕೆ ನಿಜವಾಗುವ ಸಂದರ್ಭವೂ ಉಂಟು. ನೋಡುವವರು ನೋಡದೆ ಮೂಲೆಯಲ್ಲಿ ನಿಂತು ತಮ್ಮ ತಮ್ಮಲ್ಲಿ ಮಾತಾಡತೊಡಗಿದರೆ, ಮರಳು ಬರೀ ಮರಳಾಗಿ ಉಳಿಯುತ್ತದೆ. ಅಂಥ ತರಗತಿಗಳೂ ಇವೆ. ಚಳಿಗಾಲದಲ್ಲಿ ಮಳೆಯಿದ್ದರೂ ಮಕ್ಕಳನ್ನು ಹೊರಗೆ ಆಡಿಸುತ್ತಾರೆ. ತರಗತಿಯಲ್ಲಿ 30 ಮಕ್ಕಳವರೆಗೂ ಇರಬಹುದು, ಅಷ್ಟು ಮಕ್ಕಳಿಗೆ ಮಳೆಯಂಗಿ, ರಬ್ಬರ್ ಬೂಟು ಹಾಕಿಸಿ ಮತ್ತೆ ಬಿಚ್ಚಿಸುವುದರಲ್ಲಿಯೇ ಸಹಾಯಕಿಯ ಸೊಂಟ ಹಿಡಿಯುತ್ತದೆ. ಇದನ್ನೆಲ್ಲ ಮಾಡುತ್ತ ಇಪ್ಪತ್ತು ಮಕ್ಕಳ ಬಗ್ಗೆ ನಿಖರವಾಗಿ ಹೇಳಬಲ್ಲವಳಾದರೆ, ನಿಮ್ಮ ಮಗಳು ಎಲ್ಲಿಗೆ ಹೋದರೂ ಒಳ್ಳೆಯ ಶಿಕ್ಷಕಿಯಾಗುತ್ತಾಳೆ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ‘ಏನು ಕಲಿಸಿದೆ?’ ಎಂಬುದರ ಬದಲು ‘ಯಾವ ಮಗುವನ್ನು ನೋಡಿದೆ, ಅದು ಏನು ಮಾಡಿತು?’ ಎಂದು ಕೇಳಿ ನೋಡಿ.

ಪ್ರಶ್ನೆ: ನನ್ನ ತಂಗಿ ಇಂಗ್ಲೆಂಡಿನ ನರ್ಸರಿಯೊಂದರಲ್ಲಿ ಕೆಲಸಕ್ಕೆ ಸೇರಿದ ವಾರದಲ್ಲೇ ಅವಳ ಬುತ್ತಿಯಲ್ಲಿದ್ದ ಶೇಂಗಾ ಹಿಂಡಿಯನ್ನು ಶಾಲೆಗೆ ತರಬಾರದೆಂದರಂತೆ. ಅಳುವ ಮಗುವನ್ನು ಎತ್ತಿ ಮುದ್ದಿಸಿದ್ದಕ್ಕೂ, ಮಕ್ಕಳ ಫೋಟೊ ತೆಗೆಯಲು ಮೊಬೈಲ್ ಹಿಡಿದಿದ್ದಕ್ಕೂ ಕರೆದು ಮಾತಾಡಿದರಂತೆ. ಅವಳು ನೊಂದಿದ್ದಾಳೆ. ನಮ್ಮವರೆಂಬ ತಾತ್ಸಾರವೇ ಇದು?
— ಗೃಹಿಣಿ, ವಿಜಯಪುರ

ಉತ್ತರ: ತಾತ್ಸಾರವಿರಲಾರದು. ಈ ಮೂರೂ ನಿಯಮಗಳು ಅಲ್ಲಿ ಹುಟ್ಟಿ ಬೆಳೆದವರಿಗೂ ಅಷ್ಟೇ ಬಿಗಿಯಾಗಿ ಅನ್ವಯಿಸುತ್ತವೆ. ಸೇರಿದ ಮೊದಲ ದಿನವೇ ಕೂರಿಸಿ ತಿಳಿಸಿ ಹೇಳಬೇಕಿತ್ತು ಎಂಬುದು ಮಾತ್ರ ನಿಜ.

ಶೇಂಗಾ ಕೆಲವು ಮಕ್ಕಳಿಗೆ ವಿಷದಂತೆ ಕೆಲಸ ಮಾಡುತ್ತದೆ. ಅಂಥ ಮಗುವಿನ ದೇಹ ಶೇಂಗಾದ ಪ್ರೋಟೀನನ್ನು ಶತ್ರುವೆಂದು ಭಾವಿಸಿ ಪ್ರತಿಕ್ರಿಯಿಸುವುದರಿಂದ ತುಟಿ, ನಾಲಿಗೆ, ಗಂಟಲು ಬಾತು, ರಕ್ತದೊತ್ತಡ ಕುಸಿದು, ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ ಬರಬಹುದು. ಆಗ ತೊಡೆಗೆ ಚುಚ್ಚುವ ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ನನ್ನು ಶಾಲೆಗಳು ವೈದ್ಯರ ಚೀಟಿಯಿಲ್ಲದೆಯೇ ಕೊಂಡು ಇಟ್ಟುಕೊಳ್ಳಲು ಇಂಗ್ಲೆಂಡಿನಲ್ಲಿ 2017ರ ಅಕ್ಟೋಬರ್‌ನಿಂದ ಅವಕಾಶವಿದೆ. ಹಿಂಡಿಯ ಪುಡಿ ಬೆರಳಿಗೆ ಅಂಟಿ, ಆ ಬೆರಳು ಆಟಿಕೆಗೆ ತಾಗಿ, ಆಟಿಕೆ ಮಗುವಿನ ಬಾಯಿಗೆ ಹೋಗುವುದಕ್ಕೆ ಎಷ್ಟು ಹೊತ್ತು ಬೇಕು? ಜೋಳದ ರೊಟ್ಟಿಗೆ ಶೇಂಗಾ ಹಿಂಡಿಯೇ ಜೊತೆ ಎನ್ನುವ ನಮ್ಮ ಸೀಮೆಯವರಿಗೆ ಇದು ಕಷ್ಟವೇ. ಅಗಸಿ ಹಿಂಡಿಯೋ ಗುರೆಳ್ಳಿನ ಹಿಂಡಿಯೋ ಆದೀತೇ ಎಂದು ಕೇಳಲಿ, ಆದರೆ ಎಳ್ಳಿನ ಜಾತಿಯ ಕಾಳುಗಳಿಗೂ ಒಗ್ಗದ ಮಕ್ಕಳಿರುವುದರಿಂದ ಕೇಳದೆ ಒಯ್ಯುವುದು ಬೇಡ. ರಜೆಯಿಂದ ಹಿಂದಿರುಗುವಾಗ ಸಹೋದ್ಯೋಗಿಗಳಿಗೆಂದು ಅಮೀನಗಡದ ಕರದಂಟು ಒಯ್ಯುವವರೂ ಅದರಲ್ಲಿರುವ ಗೋಡಂಬಿ, ಬಾದಾಮಿಯನ್ನು ನೆನಪಿಡಬೇಕು. ಬೆಳಗಾವಿ ಕುಂದಾ ಹಾಲಿನದಾದರೂ ಅದರ ಮೇಲೆ ಗೋಡಂಬಿ ಉದುರಿಸಿರುತ್ತಾರೆ.

ವಿಜಯಪುರದವರಾದ್ದರಿಂದ ಇನ್ನೊಂದು ಮಾತು. ಇಡೀ ದ್ರಾಕ್ಷಿಯನ್ನು ಅಲ್ಲಿ ಚಿಕ್ಕ ಮಕ್ಕಳಿಗೆ ಕೊಡುವುದಿಲ್ಲ. ಉದ್ದಕ್ಕೆ ಸೀಳಿ, ಸಾಧ್ಯವಾದರೆ ನಾಲ್ಕು ಹೋಳು ಮಾಡಿ ಕೊಡುತ್ತಾರೆ. ಗುಂಡಗೆ, ನುಣ್ಣಗೆ ಇರುವ ದ್ರಾಕ್ಷಿ ಮಗುವಿನ ಶ್ವಾಸನಾಳದ ಬಾಯಿಗೆ ಬಿರಡೆಯಂತೆ ಕೂತುಬಿಡುತ್ತದೆ ಎಂಬುದೇ ಕಾರಣ. ದ್ರಾಕ್ಷಿ ತೋಟಗಳ ನಡುವೆ ಬೆಳೆದ ನಾವು ಇದನ್ನು ಅತಿ ಎಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ, ನಮ್ಮ ಅಂಗನವಾಡಿಗಳೂ ಮನೆಗಳೂ ಈ ಒಂದನ್ನು ತಪ್ಪದೆ ಕಲಿಯಬೇಕು.

ಮಗುವನ್ನು ಮುಟ್ಟುವ ವಿಷಯದಲ್ಲಿ ನಿಮ್ಮ ತಂಗಿ ಕೇಳಿದ್ದು ಅರ್ಧ ಮಾತಿರಬೇಕು. ಅಳುವ ಮಗುವನ್ನು ಸಮಾಧಾನಪಡಿಸಬಾರದೆಂಬ ನಿಯಮವಿಲ್ಲ. ಮೂರು ವರ್ಷದ ಮಗು ತಾನಾಗಿ ಬಂದು ಒರಗಿಕೊಂಡರೆ ಯಾರೂ ತಳ್ಳುವುದಿಲ್ಲ. ಮಗು ಬಯಸದಿದ್ದಾಗ ಎತ್ತಿಕೊಳ್ಳುವುದು, ಮುತ್ತಿಡುವುದು, ಕೆನ್ನೆ ಹಿಂಡುವುದು, ಬೇರೆ ದೊಡ್ಡವರ ಕಣ್ಣಿಗೆ ಬೀಳದ ಕೋಣೆಯಲ್ಲಿ ಒಂಟಿಯಾಗಿ ಇರುವುದು ಇವನ್ನು ಮಾತ್ರ ಒಪ್ಪುವುದಿಲ್ಲ. ಮಗುವಿನ ಬಟ್ಟೆ ಒದ್ದೆಯಾಗಿ ಬದಲಿಸಿದರೂ ಯಾವಾಗ, ಯಾರು ಎಂದು ಬರೆದಿಡುತ್ತಾರೆ. ಇದು ಮಗುವಿನ ರಕ್ಷಣೆಗೂ ಆಯಿತು, ನಾಳೆ ಏನಾದರೂ ಪ್ರಶ್ನೆ ಎದ್ದರೆ ಶಿಕ್ಷಕಿಯ ರಕ್ಷಣೆಗೂ ಆಯಿತು. ಸ್ವಂತ ಮೊಬೈಲ್ ತರಗತಿಯಲ್ಲಿ ಇರಲೇಬಾರದು. ಫೋಟೊ ಬೇಕಾದರೆ ಶಾಲೆಯ ಕ್ಯಾಮರಾ, ಪಾಲಕರ ಒಪ್ಪಿಗೆ ಇದ್ದ ಮಕ್ಕಳದು ಮಾತ್ರ. ಮುದ್ದಾದ ಮಗುವಿನ ಜೊತೆ ತೆಗೆದ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದರಿಂದ ಕೆಲಸವೇ ಹೋಗಬಹುದು, ಇದನ್ನು ತಂಗಿಗೆ ಖಂಡಿತವಾಗಿ ತಿಳಿಸಿ.

ಪ್ರಶ್ನೆ: ಮನೆಯಲ್ಲಿ ಮರಾಠಿ, ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಬರೆಯಬಲ್ಲೆ, ಮಾತಾಡಬಲ್ಲೆ. ಆದರೆ ಹೊರದೇಶದ ಚಿಕ್ಕ ಮಕ್ಕಳಿಗೆ ಓದು ಕಲಿಸುವಷ್ಟು ಉಚ್ಚಾರಣೆ ನನ್ನದಾದೀತೇ ಎಂಬ ಅಳುಕಿದೆ.
— ಶಿಕ್ಷಕಿ, ನಿಪ್ಪಾಣಿ

ಉತ್ತರ: ದನಿಯ ಧಾಟಿ ನಮ್ಮೂರಿನದೇ ಇರಲಿ, ಅದರಿಂದ ತೊಂದರೆಯಿಲ್ಲ. ಇಂಗ್ಲೆಂಡಿನಲ್ಲೇ ಉತ್ತರದವರು ‘ಬಾತ್’ ಎಂಬ ಪದದ ಸ್ವರವನ್ನು ಗಿಡ್ಡಗೆ, ದಕ್ಷಿಣದವರು ಉದ್ದಕ್ಕೆ ಹೇಳುತ್ತಾರೆ, ಇಬ್ಬರ ಮಕ್ಕಳೂ ಓದು ಕಲಿಯುತ್ತಾರೆ. ಆದರೆ ನಮ್ಮ ಲಿಪಿಯ ಅಭ್ಯಾಸದಿಂದ ಬರುವ ಒಂದು ದೋಷವನ್ನು ತಿದ್ದಿಕೊಳ್ಳಲೇಬೇಕು. ನಮಗೆ ‘ಮ’ ಎಂದರೆ ಅದರೊಳಗೆ ‘ಅ’ಕಾರ ಸೇರಿಯೇ ಇದೆ. ಹಾಗಾಗಿ ‘ಮ್ಯಾಟ್’ ಎಂಬ ಪದವನ್ನು ಬಿಡಿಸುವಾಗ ನಾವು ‘ಮ, ಆ್ಯ, ಟ’ ಎಂದುಬಿಡುತ್ತೇವೆ, ಇವನ್ನು ಕೂಡಿಸಿದ ಮಗುವಿಗೆ ‘ಮಆ್ಯಟ’ ಎಂಬ ಏನೋ ಒಂದು ಕೇಳಿಸುತ್ತದೆ. ಅಕಾರವನ್ನು ಕಿತ್ತು ‘ಮ್’ ಎಂದು ತುಟಿ ಮುಚ್ಚಿ ಎಳೆಯಬೇಕು; ‘ಸ್’, ‘ಫ್’, ‘ನ್’ ಗಳನ್ನೂ ಹಾಗೆಯೇ ಎಳೆಯಬಹುದು. ‘ಪ್’, ‘ಟ್’, ‘ಕ್’ ಎಳೆಯಲು ಬಾರದವು, ಅವನ್ನು ಚುಟುಕಾಗಿ ಬಿಡಬೇಕು. ಹಲಂತವನ್ನು ಬಲ್ಲ ಕನ್ನಡಿಗರಿಗೆ ಇದು ಒಂದು ವಾರದ ಅಭ್ಯಾಸ.

ಇನ್ನೆರಡು ಕಡೆ ಕಿವಿ ಕೊಡಿ. ಎಕಾರದಿಂದ ಆರಂಭವಾಗುವ ಪದಕ್ಕೆ ನಾವು ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ತಿಳಿಯದೆ ಸೇರಿಸುತ್ತೇವೆ. ‘ಎಗ್’ ನಮ್ಮ ಬಾಯಲ್ಲಿ ‘ಯೆಗ್’, ‘ಓಪನ್’ ‘ವೋಪನ್’ ಆಗುತ್ತದೆ, ಮತ್ತು ಮಗು ಅದನ್ನು ಕೇಳಿದಂತೆಯೇ ಬರೆಯುತ್ತದೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯು ಎರಡೂ ನಮಗೆ ‘ವ’. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಾಗಬೇಕು. ಕನ್ನಡಿಯ ಮುಂದೆ ನಿಂತು ನೋಡಿಕೊಂಡರೆ ಸಾಕು.

ನಿಪ್ಪಾಣಿಯವರಿಗೆ ಇರುವ ಅನುಕೂಲವನ್ನು ಮರೆಯಬೇಡಿ. ಮನೆಯಲ್ಲೊಂದು, ಶಾಲೆಯಲ್ಲೊಂದು, ಅಂಗಡಿಯಲ್ಲೊಂದು ಭಾಷೆ ಆಡುವ ಮಕ್ಕಳು ನಿಮಗೆ ಹೊಸಬರಲ್ಲ. ಲಂಡನ್ನಿನ ಅಥವಾ ದುಬೈನ ತರಗತಿಗೆ ಇಂಗ್ಲಿಷ್ ಒಂದಕ್ಷರ ತಿಳಿಯದ ಮಗು ಬಂದು ತಿಂಗಳುಗಟ್ಟಲೆ ಬಾಯಿ ಬಿಡದೆ ಕುಳಿತಾಗ, ಒಂದೇ ಭಾಷೆ ಬಲ್ಲ ಶಿಕ್ಷಕಿ ಮಗುವಿನಲ್ಲಿ ಏನೋ ಕೊರತೆಯಿದೆ ಎಂದು ಗಾಬರಿಯಾಗುತ್ತಾಳೆ. ಆ ಮೌನದಲ್ಲಿ ಮಗು ಕೇಳಿಸಿಕೊಳ್ಳುತ್ತಿದೆ ಎಂದು ನೀವು ಬಲ್ಲಿರಿ. ಒತ್ತಾಯಿಸದೆ, ಸನ್ನೆಗೂ ತಲೆಯಾಡಿಸುವಿಕೆಗೂ ಉತ್ತರದ ಬೆಲೆ ಕೊಡಿ. ಮನೆಯಲ್ಲಿ ಮನೆಮಾತನ್ನೇ ಆಡಿರೆಂದು ಪಾಲಕರಿಗೆ ಹೇಳಿ. ಮಕ್ಕಳಿಗೆ ಮನೆಮಾತನ್ನು ಬಳಸಿ ಬೆಳೆಸಿಕೊಳ್ಳುವ ಅವಕಾಶ ಕೊಡಬೇಕೆಂದು ಮೇಲೆ ಹೇಳಿದ ಇಂಗ್ಲೆಂಡಿನ ಶಾಸನಬದ್ಧ ಚೌಕಟ್ಟೇ ಹೇಳುತ್ತದೆ.

ಪ್ರಶ್ನೆ: ಹೊಡೆಯುವಂತಿಲ್ಲ, ಗದರುವಂತಿಲ್ಲ ಎಂದರೆ ಮೂವತ್ತು ತುಂಟ ಮಕ್ಕಳನ್ನು ಹಿಡಿತದಲ್ಲಿಡುವುದು ಹೇಗೆ?
— ಶಿಕ್ಷಕರು, ಗೋಕಾಕ

ಉತ್ತರ: ಹೊಡೆಯುವಂತಿಲ್ಲ ಎಂಬುದು ಅಲ್ಲಿಯ ಮಾತಷ್ಟೇ ಅಲ್ಲ ಸರ್. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಗೋಕಾಕದಲ್ಲಿಯೂ ನಿಷೇಧಿಸಿದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಬೆತ್ತ 1987ರವರೆಗೂ ಇತ್ತು ಎಂಬುದನ್ನೂ ತಿಳಿದಿರಿ; ಅವರೂ ಬೇರೆ ದಾರಿಯನ್ನು ಕಲಿತೇ ಬಂದವರು.

ಚಿಕ್ಕ ಮಕ್ಕಳ ಗಲಾಟೆ ಹೆಚ್ಚಾಗಿ ಏಳುವುದು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ಸಂದಿಯಲ್ಲಿ. ಕಟ್ಟುತ್ತಿದ್ದ ಗೋಪುರವನ್ನು ಒಮ್ಮೆಲೇ ‘ಎತ್ತಿಡಿ’ ಎಂದರೆ ಯಾವ ಮಗುವೂ ಸಿಡಿಯುತ್ತದೆ. ಐದು ನಿಮಿಷ ಮೊದಲೇ ಹೇಳಿ, ಮರಳು ಗಡಿಯಾರ ತಿರುವಿಟ್ಟು, ಎತ್ತಿಡುವುದಕ್ಕೆ ನಿತ್ಯವೂ ಒಂದೇ ಹಾಡು ಹಾಡಿದರೆ ಎರಡು ವಾರದಲ್ಲಿ ಹಾಡಿನ ಮೊದಲ ಸಾಲಿಗೇ ಕೈಗಳು ಚಲಿಸುತ್ತವೆ. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಗೋಡೆಗೆ ಹಚ್ಚಿಡುತ್ತಾರೆ, ಮುಂದೇನು ಎಂದು ತಿಳಿದ ಮಗು ಕಾಯಬಲ್ಲದು. ಮಾತಾಡುವಾಗ ಮೊಣಕಾಲೂರಿ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು, ದನಿ ತಗ್ಗಿಸಿ ಹೇಳಬೇಕು. ಗಂಡಸರು ಇದಕ್ಕೆ ಮೊದಮೊದಲು ನಾಚಿಕೊಳ್ಳುತ್ತಾರೆ.

ಕಚ್ಚುವುದು, ಪರಚುವುದು ನಡೆದೇ ನಡೆಯುತ್ತದೆ. ಆಗ ಗಾಯಕ್ಕೆ ಆರೈಕೆ ಮಾಡಿ, ನಮೂನೆಯಲ್ಲಿ ಬರೆದು, ಇಬ್ಬರ ಪಾಲಕರಿಗೂ ತಿಳಿಸುತ್ತಾರೆ, ಆದರೆ ಕಚ್ಚಿದ್ದು ಯಾರ ಮಗು ಎಂದು ಮತ್ತೊಬ್ಬ ಪಾಲಕರಿಗೆ ಹೇಳುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮ ಊರುಗಳಿಂದ ಹೋದವರು ಎಡವುವುದು ಇಲ್ಲಿಯೇ.

ಪ್ರಶ್ನೆ: ಕೊಲ್ಲಿ ದೇಶದಲ್ಲಿ ಶಿಕ್ಷಕಿಯ ಕೆಲಸ ಕೊಡಿಸುತ್ತೇನೆಂದು ಏಜೆಂಟನೊಬ್ಬ ಎರಡು ಲಕ್ಷ ಕೇಳುತ್ತಿದ್ದಾನೆ. ಮೊದಲು ಭೇಟಿ ವೀಸಾದಲ್ಲಿ ಹೋಗಿ, ಆಮೇಲೆ ಬದಲಿಸಿಕೊಳ್ಳಬಹುದು ಎನ್ನುತ್ತಾನೆ.
— ಓದುಗರು, ಮುಧೋಳ

ಉತ್ತರ: ಕೊಡಬೇಡಿ. ನೋಂದಾಯಿತ ನೇಮಕಾತಿ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್‌.ಟಿ. ಮಾತ್ರ. ಆತ ನೋಂದಾಯಿತನೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಎಸ್.ಎಸ್.ಎಲ್.ಸಿ. ಪಾಸಾದವರಿಗೆ ವಲಸೆ ಅನುಮತಿಯ (ಕೆಲಸಕ್ಕಾಗಿ ಹೊರದೇಶಕ್ಕೆ ಹೋಗಲು ನಮ್ಮ ಸರ್ಕಾರ ಕೊಡುವ ಒಪ್ಪಿಗೆ) ಅಗತ್ಯವಿಲ್ಲದ ಪಾಸ್‌ಪೋರ್ಟ್ ಸಿಗುತ್ತದೆ. ಆ ಅನುಮತಿ ಕೊಡಿಸುವ ನೆಪದಲ್ಲಿ ಹಣ ಕೇಳಿದರೆ ಅದೂ ಸುಳ್ಳು. ಭೇಟಿ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧ, ಸಿಕ್ಕಿಬಿದ್ದರೆ ದಂಡ ತೆರುವವರು ನೀವೇ. ಶಾಲೆಯ ಕಚೇರಿಗೆ ನೇರವಾಗಿ ಪತ್ರ ಬರೆದು ನೇಮಕಾತಿ ನಿಜವೇ ಎಂದು ಕೇಳಿ. ಪೊಲೀಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಸೇವೆಯ ತಾಣದಲ್ಲಿ ನೀವೇ ಅರ್ಜಿ ಹಾಕಿ ಪಡೆಯಬಹುದು.

ಪ್ರಶ್ನೆ: ನಾಲ್ಕೈದು ವರ್ಷ ಹೊರಗೆ ದುಡಿದು ಬಂದರೆ ಆ ಅನುಭವ ಇಲ್ಲಿಯ ಸರ್ಕಾರಿ ನೇಮಕಾತಿಗೆ ನೆರವಾಗುತ್ತದೆಯೇ?
— ಶಿಕ್ಷಕಿ, ಜಮಖಂಡಿ

ಉತ್ತರ: ನೆರವಾಗುತ್ತದೆಂದು ನಂಬಿ ಹೋಗಬೇಡಿ. 2010ರಿಂದ ಒಂದರಿಂದ ಎಂಟನೆಯ ತರಗತಿಯ ಶಿಕ್ಷಕರಿಗೆ ಟಿ.ಇ.ಟಿ. (ಶಿಕ್ಷಕರ ಅರ್ಹತಾ ಪರೀಕ್ಷೆ) ಅರ್ಹತೆ ಬೇಕು, ವಿದೇಶದ ಅನುಭವ ಅದಕ್ಕೆ ಬದಲಿಯಲ್ಲ. ವಯಸ್ಸಿನ ಮಿತಿಯೂ ನಿಮಗಾಗಿ ಕಾಯುವುದಿಲ್ಲ. ಖಾಸಗಿ ಶಾಲೆಗಳಲ್ಲಿ ಬೆಲೆಯಿದೆ. ಬಿಟ್ಟು ಬರುವ ಮೊದಲೇ ತರಗತಿ, ಅವಧಿ, ದಿನಾಂಕಗಳನ್ನು ಸ್ಪಷ್ಟವಾಗಿ ನಮೂದಿಸಿದ ಅನುಭವ ಪತ್ರವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಯು.ಎ.ಇ.ಯಲ್ಲಾದರೆ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ ಮೂಲವೇತನದ ಲೆಕ್ಕದಲ್ಲಿ ಸೇವಾಂತ್ಯದ ಹಣ ಬರಬೇಕು. ಲೆಕ್ಕವಾಗುವುದು ಮೂಲವೇತನದ ಮೇಲೆ ಮಾತ್ರವಾದ್ದರಿಂದ, ಒಪ್ಪಂದದಲ್ಲಿ ಅದನ್ನು ಎಷ್ಟೆಂದು ಬರೆದಿದ್ದಾರೆ ಎಂಬುದನ್ನು ಸಹಿಗೆ ಮೊದಲು ನೋಡಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಹೊರಡುತ್ತೇನೆ. ಕೈಯಲ್ಲಿ ಎರಡು ತಿಂಗಳಿವೆ. ಏನು ಅಭ್ಯಾಸ ಮಾಡಲಿ?
— ಶಿಕ್ಷಕಿ, ಬಾಗಲಕೋಟೆ

ಉತ್ತರ: ಚಿಕ್ಕ ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ ಎಲ್ಲಿಯಾದರೂ ದೊರೆತರೆ ಪಡೆಯಿರಿ, ಅಲ್ಲಿಗೆ ಹೋದ ಮೇಲೆ ಅಲ್ಲಿಯದನ್ನೇ ಮತ್ತೆ ಮಾಡಬೇಕಾದರೂ ಕೈ ನಡುಗುವುದು ತಪ್ಪುತ್ತದೆ. ಹತ್ತಾರು ಇಂಗ್ಲಿಷ್ ಶಿಶುಗೀತೆಗಳನ್ನು ರಾಗ ಸಹಿತ ಬಾಯಿಪಾಠ ಮಾಡಿ.

ಉಳಿದ ಹೊತ್ತನ್ನು ನಿಮ್ಮ ಓಣಿಯ ಅಂಗನವಾಡಿಯಲ್ಲಿ ಕಳೆಯಿರಿ. ಕಾರ್ಯಕರ್ತೆಯ ಅನುಮತಿ ಪಡೆದು ಮೂಲೆಯಲ್ಲಿ ಕುಳಿತು, ದಿನಕ್ಕೊಂದು ಮಗುವನ್ನು ಹತ್ತು ನಿಮಿಷ ನೋಡಿ, ಅದು ಮಾಡಿದ್ದನ್ನೂ ಆಡಿದ್ದನ್ನೂ ನಾಲ್ಕು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ. ‘ಜಾಣ’, ‘ತುಂಟ’, ‘ಮಂದ’ ಎಂಬ ಪದಗಳನ್ನು ಬಳಸಬೇಡಿ. ಕೈ ಏನು ಮಾಡಿತು, ಕಣ್ಣು ಎಲ್ಲಿತ್ತು, ಬಾಯಿಂದ ಯಾವ ಮಾತು ಬಂತು ಎಂಬುದಷ್ಟೇ ಇರಲಿ. ಮಗುವಿನ ಹೆಸರಿನ ಬದಲು ಒಂದು ಅಕ್ಷರ ಹಾಕಿ, ಫೋಟೊ ತೆಗೆಯಬೇಡಿ. ವಾರಾಂತ್ಯದಲ್ಲಿ ಅದನ್ನು ಅದೇ ಕಾರ್ಯಕರ್ತೆಗೆ ಕನ್ನಡದಲ್ಲಿ ಓದಿ ಹೇಳಿ, ಅದು ಯಾವ ಮಗುವೆಂದು ಅವರು ಗುರುತಿಸುತ್ತಾರೆಯೇ ನೋಡಿ. ಗುರುತಿಸಲಾಗದಿದ್ದರೆ ಬರೆದದ್ದು ಇನ್ನೂ ಮಸುಕಾಗಿದೆ ಎಂದರ್ಥ, ಮಾರನೆಯ ದಿನ ಅದೇ ಮಗುವನ್ನು ಮತ್ತೆ ನೋಡಿ ಬರೆಯಿರಿ.